ಕೇಳದೆ ಎತ್ತಿದ ಕೈ

ಮೊದಲ ದಿನ ಸಲೀ ಅಕ್ಕ ನನಗೆ ಕಲಿಸಿದ್ದು ತನಗೆ ಸ್ನಾನ ಮಾಡಿಸುವುದನ್ನಲ್ಲ, ತಲೆ ಬಾಚುವುದನ್ನೂ ಅಲ್ಲ. ಸುಮ್ಮನಿರುವುದನ್ನು.

"ಯಾರಾದ್ರೂ ಬಂದು 'ಇವಳದು ಊಟ ಆಯ್ತಾ' ಅಂತ ನಿನ್ನ ಕೇಳಿದ್ರೆ ಏನಂತೀಯ, ಯುಪಿನ್?"

"ಆಯ್ತು ಅಂತೀನಿ ಅಕ್ಕಾ."

"ತಪ್ಪು. ಏನೂ ಅನ್ನಲ್ಲ. ನನ್ನ ಮುಖ ನೋಡ್ತೀಯ. ಆಗ ಅವರೂ ನನ್ನ ಮುಖ ನೋಡ್ತಾರೆ. ತಿಂದ ಹೊಟ್ಟೆ ನಂದು, ಉತ್ತರಾನೂ ನಂದೇ."

ಅದಕ್ಕೆ ಮುಂಚೆ ನಾನು ಶ್ಯಾವಿಗೆ ಮಾಡುವ ಕಾರ್ಖಾನೆಯಲ್ಲಿದ್ದೆ. ಗಾಲಿಕುರ್ಚಿಯವರೇ ಸೇರಿ ನಡೆಸುವ ಕೇಂದ್ರವೊಂದು ನಮ್ಮ ಪ್ರಾಂತ್ಯದಲ್ಲಿದೆ. ಅಲ್ಲಿ ಹತ್ತು ದಿನ ತರಬೇತಿ ಕೊಟ್ಟಿದ್ದರು. ನೀವು ದಾದಿಯರಲ್ಲ, ನೆಂಟರಲ್ಲ, ಪುಣ್ಯ ಸಂಪಾದಿಸಲು ಬಂದವರೂ ಅಲ್ಲ; ನೀವು ಸಹಾಯಕರು, ಇನ್ನೊಬ್ಬರ ಕೈಕಾಲು ಎಂದು ಮೊದಲ ದಿನವೇ ಹೇಳಿದ್ದರು. ಅದನ್ನು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡಿದ್ದೆ. ಬರೆದುಕೊಳ್ಳುವುದು ಸುಲಭ.

ಸಲೀ ಅಕ್ಕ ಹೆಗಲು ಕುಣಿಸಬಲ್ಲಳು, ಕತ್ತು ತಿರುಗಿಸಬಲ್ಲಳು. ಅಲ್ಲಿಂದ ಕೆಳಗೆ ಯಾವ ಅಂಗವೂ ಅವಳ ಮಾತು ಕೇಳುವುದಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಏಪ್ರಿಲ್ ತಿಂಗಳ ಹೊಸವರ್ಷದ ನೀರಾಟದ ದಿನ, ಮನೆಯ ಮುಂದಿನ ಮರದ ಸೇತುವೆಯಿಂದ ಕಾಲುವೆಗೆ ತಲೆಕೆಳಗಾಗಿ ಹಾರಿದ್ದಳು. ಹುಟ್ಟಿದಾಗಿನಿಂದ ಹಾರಿದ್ದ ಜಾಗ ಅದು. ಹಿಂದಿನ ಸಂಜೆ ನೀರಾವರಿ ಕಚೇರಿಯವರು ಮೇಲಿನ ತೂಬಿನ ಬಾಗಿಲು ಮುಚ್ಚಿದ್ದರು. ಯಾರಿಗೂ ಹೇಳಿರಲಿಲ್ಲ. ನೀರು ಮೊಣಕಾಲಷ್ಟೇ ಇತ್ತು.

"ಬಾಗಿಲು ಮುಚ್ಚಿದವನು ಕೈ ತೊಳ್ಕೊಂಡು ಹೋಗಿ ಊಟ ಮಾಡಿರ್ತಾನೆ. ಅವನಿಗೆ ಇವತ್ತಿಗೂ ನನ್ನ ಹೆಸರು ಗೊತ್ತಿಲ್ಲ. ಕಚೇರಿ ಅಂದ್ರೆ ಅದೇ ಕಣೇ," ಅನ್ನುತ್ತಿದ್ದಳು.

ಆಮೇಲಿನ ಹದಿನೆಂಟು ವರ್ಷ ಅವಳ ಕೈಗಳನ್ನು ಎತ್ತಿದ್ದು ತಾಯಿ ಚಮೈ. ಅನ್ನದ ತುತ್ತಿಗಾಗಿ ಎತ್ತಿದ್ದು ಕಡಿಮೆ; ಕೈ ಮುಗಿಯುವುದಕ್ಕಾಗಿ ಎತ್ತಿದ್ದೇ ಹೆಚ್ಚು. ಬಾಳೆಹಣ್ಣು ತಂದ ಪಕ್ಕದ ಮನೆಯವಳಿಗೆ ಕೈ ಮುಗಿಸು, ಹಳೆಯ ಹೊದಿಕೆ ತಂದವರಿಗೆ ಮುಗಿಸು, ಹೋದ ಜನ್ಮದ ಪಾಪ ತೀರುತ್ತಾ ಬಂತು ಮಗಳೇ ಎಂದು ಸಮಾಧಾನ ಹೇಳಿದವರಿಗೂ ಮುಗಿಸು. ಚಮೈ ಕೆಟ್ಟವಳಲ್ಲ. ತನ್ನ ಮಗಳು ಮರ್ಯಾದೆ ಇಲ್ಲದವಳು ಅನ್ನಿಸಿಕೊಳ್ಳಬಾರದೆಂದು ಅವಳ ಜೀವ ಒದ್ದಾಡುತ್ತಿತ್ತು. ಒಮ್ಮೆ ದೊಡ್ಡ ಮನುಷ್ಯರೊಬ್ಬರ ಹುಟ್ಟುಹಬ್ಬಕ್ಕೆ ಎಂಟು ಜನರಿಗೆ ಗಾಲಿಕುರ್ಚಿ ಹಂಚಿದರು. ಚಿತ್ರ ತೆಗೆಯುವವನಿಗೆ ಬೆಳಕು ಸರಿಹೋಗಲಿಲ್ಲ. ಮತ್ತೊಮ್ಮೆ ಅಂದ. ಇನ್ನೊಂದು ಸಲ ಅಂದ. ತಾಯಿ ಮೂರು ಸಲ ಮಗಳ ಕೈ ಎತ್ತಿದಳು. ಮೂರನೆಯ ಸಲ ಅಕ್ಕನ ಕಣ್ಣಲ್ಲಿ ನೀರು ಬಂತು. ಆ ಚಿತ್ರವನ್ನೇ ಕ್ಯಾಲೆಂಡರಿಗೆ ಹಾಕಿದರು, ಕೃತಜ್ಞತೆಯ ಕಣ್ಣೀರಂತೆ. ಕುರ್ಚಿ ಎಂಟು ತಿಂಗಳಲ್ಲಿ ಮುರಿಯಿತು. ಕ್ಯಾಲೆಂಡರು ಪೂರ್ತಿ ವರ್ಷ ಬಾಳಿತು.

ತಾಯಿ ಹೋದ ಮೇಲೆ ಅಕ್ಕನಿಗೆ ಸರ್ಕಾರದಿಂದ ದಿನಕ್ಕೆ ಆರು ಗಂಟೆಯ ಸಹಾಯಕಿ ಸಿಕ್ಕಳು. ಆ ಸಹಾಯಕಿ ನಾನೇ. ಬೆಳಿಗ್ಗೆ ನಾಲ್ಕು ಗಂಟೆ, ಸಂಜೆ ಎರಡು. ನಾನು ಬಂದು ಎಬ್ಬಿಸಿ, ಮೀಯಿಸಿ, ಗಂಜಿ ಕುಡಿಸಿ, ಕುರ್ಚಿಗೆ ಪಟ್ಟಿ ಕಟ್ಟಿ ಕೂರಿಸುತ್ತಿದ್ದೆ. ಆಮೇಲೆ ಅವಳ ಕೆಲಸ. ಫೋನಿನ ಮುಂದೆ ಕೂತು ನೇರಪ್ರಸಾರದಲ್ಲಿ ಹಳೇ ಬಟ್ಟೆ ಮಾರುತ್ತಿದ್ದಳು. ನಾನು ಬಟ್ಟೆ ಎತ್ತಿ ಹಿಡಿಯುತ್ತಿದ್ದೆ, ಅವಳು ಮಾತಾಡುತ್ತಿದ್ದಳು.

"ಈ ಪ್ಯಾಂಟು ಹಾಕ್ಕೊಂಡ್ರೆ ಬಿಟ್ಟುಹೋದ ಗಂಡ ವಾಪಸ್ ಬರ್ತಾನೆ ನೋಡಿ. ಬರೋದು ಬೇಡ ಅನ್ನೋರಿಗೆ ಕಂದು ಬಣ್ಣದ್ದಿದೆ. ಯುಪಿನ್, ತಿರುಗಿಸಿ ತೋರ್ಸು, ಹರಿದಿರೋ ಕಡೇನೂ ತೋರ್ಸು. ನಾವು ಮೋಸ ಮಾಡಲ್ಲ, ನಮ್ಮದು ಹೊಲಿಗೆ ಮಾತ್ರ ಬಿಟ್ಟಿರೋದು."

ಬೆಳಿಗ್ಗೆ ಭಿಕ್ಷುಗಳು ಓಣಿಯಲ್ಲಿ ಬರುವಾಗ ಬಾಗಿಲಿಗೆ ಹೋಗುತ್ತಿದ್ದೆವು. ಬಿಸಿ ಅನ್ನದ ಪೊಟ್ಟಣವನ್ನು ಅವಳ ಅಂಗೈಯಲ್ಲಿಟ್ಟು, ಅವಳ ಕೈ ಹಿಡಿದು ಪಾತ್ರೆಗೆ ಹಾಕಿಸುತ್ತಿದ್ದೆ. ಆಮೇಲೆ ಅವಳು "ಎತ್ತು" ಅನ್ನುತ್ತಿದ್ದಳು. ನಾನು ಕುರ್ಚಿಯ ಹಿಂದೆ ಬಗ್ಗಿ, ಮೊಣಕೈ ಅಡಿಯಿಂದ ಎರಡೂ ಕೈ ಎತ್ತಿ ಜೋಡಿಸುತ್ತಿದ್ದೆ. ನನ್ನ ಕೈ ಕಾಣುತ್ತಲೇ ಇರಲಿಲ್ಲ. ತಾನೇ ಮುಗಿದ ಹಾಗೆ ಇರುತ್ತಿತ್ತು. ಆ ನಾಜೂಕಿನ ಬಗ್ಗೆ ನನಗೆ ಹೆಮ್ಮೆಯಿತ್ತು, ಸುಳ್ಳೇಕೆ ಹೇಳಲಿ. ಭಿಕ್ಷುಗಳಿಗೆ ಬಿಟ್ಟರೆ ಅವಳು ಕೈ ಎತ್ತಿಸಿಕೊಳ್ಳುತ್ತಿದ್ದುದು ತನಗೆ ಅಕ್ಷರ ಕಲಿಸಿದ ಮುದುಕಿ ಟೀಚರಿಗೆ ಮಾತ್ರ.

"ಉಳಿದೋರಿಗೆ?" ಅಂತ ಒಮ್ಮೆ ಕೇಳಿದ್ದೆ.

"ಉಳಿದೋರಿಗೆ ನಮ್ಮಮ್ಮ ಮುಂಗಡವಾಗಿ ಮುಗಿಸಿ ಹೋಗಿದ್ದಾಳೆ."

ಹೋದ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ವಾರ್ಷಿಕ ತಪಾಸಣೆಗೆ ಪ್ರಾಂತ್ಯದ ಕಚೇರಿಯಿಂದ ಒಬ್ಬ ಮೇಡಂ ಬರುತ್ತಾರೆಂದು ಸುದ್ದಿ ಬಂತು. ಮನೆಗೆ ಬರುವವರು ಯಾರೇ ಆಗಲಿ, ನಮ್ಮಲ್ಲಿ ಅವರು ಅತಿಥಿಯೇ. ನಾನು ಗಂಟೆ ಲೆಕ್ಕ ನೋಡದೆ ನಸುಕಿಗೇ ಬಂದೆ. ನೆಲ ಒರೆಸಿದೆ, ಅಕ್ಕನ ತಲೆಗೆ ಸ್ನಾನ ಮಾಡಿಸಿ ಜಡೆ ಹಾಕಿದೆ, ಉದ್ದ ತೋಳಿನ ನೀಲಿ ರವಿಕೆಗೆ ಇಸ್ತ್ರಿ ಹಾಕಿದೆ. ಚಕ್ಕೋತ ಸುಲಿದು, ತೊಳೆಗಳನ್ನು ಸಿಪ್ಪೆಯಿಲ್ಲದೆ ಬಿಡಿಸಿ ತಟ್ಟೆಯಲ್ಲಿಟ್ಟೆ.

"ತುಟಿಗೆ ಬಣ್ಣ ಹಚ್ಚು. ತೆಳ್ಳಗೆ," ಅಂದಳು ಅಕ್ಕ. "ಬಡವರ ಮನೇಗೆ ಬಂದೆ ಅನ್ನಿಸ್ಬಾರದು ಅವರಿಗೆ."

ಮೇಡಂ ಬಂದರು. ನಡುವಯಸ್ಸು, ಮೃದು ಮಾತು, ಕೈಯಲ್ಲಿ ಫಾರಂ ಮತ್ತು ಫೋನು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಹೇಗೆ ಹೇಳಲಿ? ನನಗೆ ನಾಲ್ಕು ವರ್ಷವಾಗುವ ಮುಂಚೆಯೇ ನಮ್ಮಜ್ಜಿ ತಲೆಗೆ ಮೊಟಕಿ ಕಲಿಸಿದ್ದು ಅದು. ದೊಡ್ಡವರು ಒಳಗೆ ಬಂದರೆ ಕೈ ತಾನಾಗಿ ಮೇಲೇಳುತ್ತದೆ. ನನ್ನ ಕೈ ಎದ್ದಿತು. ಆದರೆ ನಾನು ಕುರ್ಚಿಯ ಹಿಂದೆ ನಿಂತಿದ್ದೆ. ನನ್ನ ಕೈಗಳು ಅವಳ ಮೊಣಕೈ ಅಡಿಯಲ್ಲಿದ್ದವು.

ಸಲೀ ಅಕ್ಕನ ಕೈ ಎದೆಯ ಮುಂದೆ ಜೋಡಿಸಿಕೊಂಡಿತು. ಮೇಡಂ ಮುಖ ಅರಳಿತು. "ಎಷ್ಟು ಚೆನ್ನಾಗಿದ್ದಾರೆ!" ಅಂದರು. ಹಾಗೇ ಇರಿ ಎಂದು ಫೋನು ಎತ್ತಿದರು. ಚಿತ್ರದಲ್ಲಿ ಅಂಗವಿಕಲರೊಬ್ಬರೇ ಇರಬೇಕೆಂದು ಫಾರಂನಲ್ಲಿ ಬರೆದಿದೆಯಂತೆ, ನನಗೆ ಇನ್ನಷ್ಟು ಬಗ್ಗಲು ಹೇಳಿದರು. ನಾನು ಬಗ್ಗಿದೆ. ಅಕ್ಕನ ಕತ್ತಿನ ನರ ಬಿಗಿಯಿತು. ಅದು ನನಗೆ ಮಾತ್ರ ಕಾಣುತ್ತಿತ್ತು. ಅತಿಥಿಯ ಎದುರು ಅವಳು ನಕ್ಕಳು.

ಮೇಡಂ ಓಣಿ ದಾಟಿದ ಮೇಲೆ ಬಾಯಿ ಬಿಟ್ಟಳು.

"ನಾನು 'ಎತ್ತು' ಅಂದೆನಾ?"

"ತಪ್ಪಾಯ್ತು ಅಕ್ಕಾ. ತಂತಾನೇ ಆಗ್ಹೋಯ್ತು."

"ನಿನ್ನ ಕೈ ತಂತಾನೇ ಏಳುತ್ತೆ, ನಿನ್ನ ಅದೃಷ್ಟ. ನಂದು ಏಳಲ್ಲ. ಏಳದೇ ಇರೋದೊಂದೇ ನನ್ನ ಕೈಲಿರೋದು. ಅದನ್ನೂ ಕಿತ್ಕೊಂಡ್ಯಲ್ಲ!"

ಚಕ್ಕೋತದ ತಟ್ಟೆ ಹಾಗೇ ಇತ್ತು. ಮೇಡಂ ಒಂದೇ ತೊಳೆ ತಿಂದಿದ್ದರು.

ಐದು ವಾರಕ್ಕೆ ಪತ್ರ ಬಂತು. ಅದನ್ನು ನಾನೇ ಅವಳ ಕಣ್ಣೆದುರು ಹಿಡಿದೆ. ಗಟ್ಟಿಯಾಗಿ ಓದಬೇಡ ಅಂದಳು, ತಾನೇ ಓದಿದಳು. ಅವಳ ಕಣ್ಣು ಸಾಲಿನ ಕೊನೆಗೆ ಹೋಗಿ ಮತ್ತೆ ಮೊದಲಿಗೆ ಬಂತು. ಸಮಿತಿ ಚಿತ್ರಗಳನ್ನೂ ಫಾರಂ ಅನ್ನೂ ಪರಿಶೀಲಿಸಿದೆ. ಫಲಾನುಭವಿಯ ಕೈಗಳ ಚಲನೆ ತೃಪ್ತಿಕರ. ಶುಚಿತ್ವ ಉತ್ತಮ. ಸಹಾಯದ ಅವಧಿಯನ್ನು ದಿನಕ್ಕೆ ಆರು ಗಂಟೆಯಿಂದ ಎರಡು ಗಂಟೆಗೆ ಇಳಿಸಲಾಗಿದೆ. ಮುಂದಿನ ತಿಂಗಳಿಂದ ಜಾರಿ. ಆಕ್ಷೇಪವಿದ್ದರೆ ಸಮಿತಿಯ ಮುಂದೆ ಹಾಜರಾಗಬಹುದು.

ಎರಡು ಗಂಟೆಯಲ್ಲಿ ಅವಳನ್ನು ಎಬ್ಬಿಸಿ, ತೊಳೆದು, ಕೂರಿಸಬಹುದು. ಮತ್ತೆ ಮಲಗಿಸಲು ಯಾರೂ ಇರುವುದಿಲ್ಲ.

ಅವಳು ಕೂಗಾಡುತ್ತಾಳೆ ಅಂದುಕೊಂಡೆ. ಕೂಗಲಿಲ್ಲ. ತಣ್ಣಗೆ ಹೇಳಿದಳು, "ಕೇಂದ್ರಕ್ಕೆ ಫೋನ್ ಹಚ್ಚು."

"ಏನಂತ ಹೇಳ್ಬೇಕು?"

"ನೀನೇನೂ ಹೇಳ್ಬೇಡ. ನಿನ್ನ ಬದಲಿಗೆ ಬೇರೆಯವಳನ್ನ ಕಳಿಸಿ ಅಂತ ನಾನು ಹೇಳ್ಬೇಕು. ಕಿವಿ ಹತ್ರ ಹಿಡಿ."

ನಾನು ಫೋನು ಹಚ್ಚಿ ಅವಳ ಕಿವಿಗೆ ಹಿಡಿದೆ. ನನ್ನ ಕೆಲಸ ಹೋಗುವ ಮಾತನ್ನು ನನ್ನ ಕೈಯಲ್ಲೇ ಹಿಡಿದುಕೊಂಡು ನಿಂತೆ. ಫೋನು ಕಿವಿಯಿಂದ ಜಾರಿತು. "ನೆಟ್ಟಗೆ ಹಿಡಿಯೇ," ಅಂತ ಗದರಿದಳು. ಆ ಕಡೆಯವರು ಈಗ ಯಾರೂ ಇಲ್ಲ, ಹೊಸ ತಂಡ ಸೇರಿ ತರಬೇತಿ ಮುಗಿಯಲು ಎರಡು ತಿಂಗಳು ಬೇಕು ಅಂದರು.

"ಸರಿ," ಅಂದಳು ಅಕ್ಕ. ಆಮೇಲೆ ನನ್ನ ಕಡೆ ನೋಡದೆ, "ಎರಡು ತಿಂಗಳು ನಿನ್ನ ಮುಖ ನೋಡ್ಬೇಕಲ್ಲಪ್ಪ. ನೀರು ಕುಡ್ಸು."

ಸುದ್ದಿ ತಿಳಿದು ಅವಳ ತಮ್ಮ ವಿರತ್ ಬಂದ. ಪಕ್ಕದ ಪಟ್ಟಣದಲ್ಲಿ ಐಸಿನ ಲಾರಿ ಓಡಿಸುತ್ತಾನೆ. ಮೂರನೇ ಮಹಡಿಯ ಬಾಡಿಗೆ ಕೋಣೆ, ಹೆಂಡತಿ, ಎರಡು ಮಕ್ಕಳು. ಅಕ್ಕನನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಬೇರೆ ಪ್ರಾಂತ್ಯದ ಸರ್ಕಾರಿ ಆಶ್ರಯಮನೆಯಲ್ಲಿ ಒಂದು ಮಂಚ ಖಾಲಿ ಇರುವುದನ್ನು ವಿಚಾರಿಸಿಕೊಂಡೇ ಬಂದಿದ್ದ.

"ಅಲ್ಲಿ ಊಟ ಚೆನ್ನಾಗಿದೆ ಅಕ್ಕಾ. ಫ್ಯಾನ್ ಇದೆ."

"ಬಾಗಿಲು?"

"ಏನು?"

"ಬಾಗಿಲು ಯಾರು ತೆಗೀತಾರೆ, ಯಾರು ಹಾಕ್ತಾರೆ? ನನಗೆ ಹೊರಗೆ ಹೋಗ್ಬೇಕು ಅನ್ಸಿದಾಗ?"

ವಿರತ್ ನೆಲ ನೋಡಿದ. "ಹಾಗಾದ್ರೆ ಸಮಿತಿ ಮುಂದೆ ಹೋಗೋವಾಗ ನಾ ಹೇಳಿದ ಹಾಗೆ ಕೇಳು. ಎರಡು ದಿನ ಸ್ನಾನ ಬೇಡ. ತಲೆ ಬಾಚ್ಬೇಡ. ಹರಕು ಬಟ್ಟೆ ಹಾಕ್ಕೋ, ನೀನು ಮಾರೋದರಲ್ಲೇ ಬೇಕಾದಷ್ಟಿದೆ. ಒಂದೆರಡು ಹನಿ ಕಣ್ಣೀರು ಹಾಕು. ನಾನೇ ಹಿಂದೆ ನಿಂತು ಒಬ್ಬೊಬ್ಬರಿಗೂ ಕೈ ಮುಗಿಸ್ತೀನಿ. ಅಮ್ಮ ಮಾಡ್ತಿರ್ಲಿಲ್ವಾ? ಐದು ಜನರಿಗೆ ಕೈ ಮುಗಿದ್ರೆ ಏನ್ ಸವೆದುಹೋಗ್ತೀಯ?"

ನಾನು ಬಾಯಿ ಹಾಕಬಾರದಿತ್ತು. ಹಾಕಿದೆ. "ಸ್ನಾನದ ವಿಷಯ ಅವರು ಹೇಳೋದು ಸರಿ ಅನ್ಸುತ್ತೆ ಅಕ್ಕಾ. ಚೆನ್ನಾಗಿ ಕಂಡಿದ್ದಕ್ಕೇ ಅಲ್ವಾ ಹೀಗಾಗಿದ್ದು?"

ಅವಳು ಸಿಡಿದಳು. "ಚೆನ್ನಾಗಿದ್ರೆ ಸಹಾಯ ಬೇಡ ಅಂತಾರೆ. ನಾರ್ತಿದ್ರೆ ಆಶ್ರಯಮನೇಗೆ ಹಾಕಿ ಅಂತಾರೆ. ನಾನು ಚೆನ್ನಾಗಿರೋದು ಹೇಗೆ? ನೀನು ಬಂದು ತೊಳೆಯೋದ್ರಿಂದ. ಆ ಆರು ಗಂಟೆಯಿಂದ! ಸೇತುವೆ ಮೇಲೆ ಎಲ್ಲರೂ ಸಲೀಸಾಗಿ ಓಡಾಡ್ತಿದ್ದಾರೆ, ಅದಕ್ಕೇ ಸೇತುವೆ ಬೇಡ ಅಂತ ಕಿತ್ತು ಹಾಕ್ತಾರಾ? ನನಗೆ ಆ ಹಳದಿ ರವಿಕೆ ಇಸ್ತ್ರಿ ಮಾಡು. ತುಟಿ ಬಣ್ಣ ದಪ್ಪಗೆ ಹಚ್ಚು. ವಿರತ್, ನೀನು ಲಾರಿ ಓಡ್ಸು. ಐಸು ಕರಗ್ತಿರುತ್ತೆ."

ಹೊರಡುವ ದಿನ ಅವಳು ನನಗೆ ಹೇಳಿದ್ದು ಒಂದೇ ಮಾತು. "ನಾನು ಹೇಳೋವರೆಗೂ ನನ್ನ ಮುಟ್ಬೇಡ. ಏನಾದ್ರೂ ಆಗ್ಲಿ. ಬಿದ್ರೂ."

ಕಚೇರಿಯ ಬಾಗಿಲಿಗೆ ಮೂರು ಮೆಟ್ಟಿಲು. ಅಂಗವಿಕಲರ ಅರ್ಜಿ ಕೇಳುವ ಕಚೇರಿಗೆ ಮೂರು ಮೆಟ್ಟಿಲು! ಕಸ ಗುಡಿಸುವ ಹೆಂಗಸೊಬ್ಬಳು ಎಲ್ಲಿಂದಲೋ ಹಲಗೆ ತಂದು ಹಾಕಿದಳು. ಒಳಗೆ ಉದ್ದ ಮೇಜು, ಐದು ಜನ, ಮೈ ಕೊರೆಯುವ ಏಸಿ. ತುದಿಯಲ್ಲಿ ನಮ್ಮ ಮನೆಗೆ ಬಂದಿದ್ದ ಮೇಡಂ. ನಡುವೆ ಅಧ್ಯಕ್ಷರು, ಬಿಳಿ ಕೂದಲು, ಎದೆಯ ಮೇಲೆ ಬಿಲ್ಲೆ. ನಾನು ಕುರ್ಚಿ ತಳ್ಳಿಕೊಂಡು ಹೋಗಿ ಅವರೆದುರು ನಿಲ್ಲಿಸಿದೆ.

ಆಮೇಲೆ ಎಲ್ಲರೂ ಕಾದರು.

ಯಾರೂ ಬಾಯಿಬಿಟ್ಟು ಕೇಳುವುದಿಲ್ಲ ಅದನ್ನು. ಚಿಕ್ಕವರು ಮೊದಲು ಕೈ ಮುಗಿಯಬೇಕು, ದೊಡ್ಡವರು ತಲೆದೂಗಬೇಕು, ಆಮೇಲೆ ಮಾತು. ನಾನು ನನ್ನ ಪಾಲಿಗೆ ಕೈ ಮುಗಿದೆ. ಸಲೀ ಅಕ್ಕನ ಕೈಗಳು ತೊಡೆಯ ಮೇಲೆ ಬಿದ್ದಿದ್ದವು. ಯಾರೋ ಕೆಮ್ಮಿದರು. ನನ್ನ ಬೆರಳುಗಳಿಗೆ ಅಜ್ಜಿಯ ಮೊಟಕು ನೆನಪಾಗಿ ಅವು ತವಕಿಸುತ್ತಿದ್ದವು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ ಒಂದನ್ನೊಂದು ಹಿಸುಕಿದೆ.

ಅಧ್ಯಕ್ಷರು ನನ್ನ ಕಡೆ ನೋಡಿದರು. "ಇವಳಿಗೆ ಊಟ ಯಾರು ಮಾಡಿಸ್ತಾರಮ್ಮ?"

ನಾನು ಅಕ್ಕನ ಮುಖ ನೋಡಿದೆ.

"ನಿನ್ನನ್ನೇ ಕೇಳಿದ್ದು."

ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ.

"ನನ್ನ ಕೇಳಿ," ಅಂದಳು ಅಕ್ಕ. "ಮುರಿದಿರೋದು ಕತ್ತು. ನಾಲಿಗೆ ಅಲ್ಲ."

ಅಧ್ಯಕ್ಷರ ಮುಖ ಕೆಂಪಾಯಿತು. "ಇಲ್ಲಿವರೆಗೆ ಬಂದಿದ್ದೀಯ. ಹಿರಿಯರ ಮುಂದೆ ಒಂದು ಕೈ ಮುಗಿಯೋಕೂ ಬರಲ್ವೇನಮ್ಮ ನಿನಗೆ?"

"ಬರಲ್ಲ ಸ್ವಾಮಿ. ಅದನ್ನೇ ಹೇಳೋಕೆ ಬಂದಿದ್ದು."

ಮೇಜಿನ ತುದಿಯಲ್ಲಿ ಮೇಡಂ ತಲೆ ತಗ್ಗಿಸಿದರು. ಅಧ್ಯಕ್ಷರು ಕಡತ ತಿರುವಿ ಚಿತ್ರ ತೆಗೆದು ಎತ್ತಿ ಹಿಡಿದರು. "ಹಾಗಾದ್ರೆ ಇದು ಯಾರು?"

"ನಾನೇ. ಕೈ ಮಾತ್ರ ಇವಳು ಎತ್ತಿದ್ದು, ನನ್ನ ಕೇಳ್ದೆ. ಚಿತ್ರದಲ್ಲಿ ಬರ್ಬಾರದು ಅಂತ ಇವಳನ್ನ ಬಗ್ಗಿಸಿದ್ರು, ಬಗ್ಗಿದಳು. ನಿಮ್ಮ ಫಾರಂಗೆ ಇವಳು ಬೇಡ. ಇವಳನ್ನ ಬಿಟ್ಟು ಚಿತ್ರ ತೆಗೀತೀರಿ, ಆಮೇಲೆ ಅದನ್ನ ನೋಡಿ 'ಇವಳಿಗೆ ಯಾರೂ ಬೇಕಾಗಿಲ್ಲ' ಅಂತ ಬರೀತೀರಿ. ಯುಪಿನ್, ಎದೆ ಪಟ್ಟಿ ಬಿಚ್ಚು. ಬಾಗಿಲ ಹತ್ರ ಹೋಗಿ ನಿಲ್ಲು."

ನಾನು ಬಿಚ್ಚಿದೆ. ಬಾಗಿಲಿಗೆ ಹೋಗಿ ನಿಂತೆ. ಹದಿನೈದು ಹೆಜ್ಜೆ.

"ಈಗ ಚೆನ್ನಾಗಿ ನೋಡಿ. ನನ್ನ ಕೈ ಚಲನೆ ತೃಪ್ತಿಕರವಾಗಿದೆಯಲ್ಲ, ಎಷ್ಟು ಹೊತ್ತಾಗುತ್ತೋ ನೋಡೋಣ."

ಮೊದಲು ಏನೂ ಆಗಲಿಲ್ಲ. ಹಳದಿ ರವಿಕೆ, ಕೆಂಪು ತುಟಿ, ನೆಟ್ಟಗೆ ಕೂತ ಹೆಂಗಸು. ಆಮೇಲೆ ಅವಳ ಎಡ ಹೆಗಲು ಕೊಂಚ ಜಾರಿತು. ತಲೆ ವಾಲಿತು. ಸೊಂಟ ಮುಂದೆ ಸರಿಯಿತು. ಅವಳು ಕಣ್ಣನ್ನು ಅಧ್ಯಕ್ಷರಿಂದ ತೆಗೆಯಲಿಲ್ಲ. ಹಿಡಿಯೋಣವೆಂದು ನನ್ನ ಕಾಲು ತಾನಾಗಿ ಒಂದು ಹೆಜ್ಜೆ ಇಟ್ಟಿತು, ಅದನ್ನು ಹಿಂದಕ್ಕೆಳೆದೆ. ಆಗ ನನಗೆ ಬಂದ ಸಿಟ್ಟು ನನ್ನ ಜೀವಮಾನದಲ್ಲಿ ಯಾವತ್ತೂ ಬಂದಿರಲಿಲ್ಲ. ಮೇಜಿನ ಮೇಲೆ, ಆ ಬಿಲ್ಲೆಯ ಮೇಲೆ, ತಲೆ ತಗ್ಗಿಸಿ ಕೂತ ಮೇಡಂ ಮೇಲೆ, ನನ್ನ ಅಜ್ಜಿಯ ಮೇಲೆ. ಒಬ್ಬ ಹೆಂಗಸು ತಾನು ಬೀಳುತ್ತೇನೆಂದು ಐದು ಜನರ ಮುಂದೆ ಬಿದ್ದು ತೋರಿಸಬೇಕೇ?

"ಹಿಡೀರಿ ಅವಳನ್ನ!" ಅಧ್ಯಕ್ಷರು ಎದ್ದು ನಿಂತರು. "ಏಯ್, ನೋಡ್ತಾ ನಿಂತಿದ್ದೀಯಲ್ಲ, ಹಿಡಿಯಮ್ಮ!"

ನಾನು ಅಲುಗಲಿಲ್ಲ.

ಅಕ್ಕ ಪಕ್ಕಕ್ಕೆ ಮಡಚಿಕೊಂಡಿದ್ದಳು, ಕುರ್ಚಿಯ ಕೈಗೆ ಕೆನ್ನೆ ಒತ್ತಿಹೋಗಿತ್ತು. ತುಟಿಯ ಬಣ್ಣ ಕಬ್ಬಿಣಕ್ಕೆ ಮೆತ್ತಿತ್ತು. ಅಲ್ಲಿಂದಲೇ ಕೇಳಿದಳು, "ಬರ್ಕೊಂಡ್ರಾ?"

ಪೆನ್ನುಗಳು ಮೇಜಿನ ಮೇಲೇ ಇದ್ದವು.

"ಬರ್ಕೊಳ್ಳಿ. ನಾನು ಕಾಯ್ತೀನಿ."

ಅಧ್ಯಕ್ಷರು ಕೂತು ಪೆನ್ನು ಎತ್ತಿಕೊಂಡರು. ಪೆನ್ನಿನ ಸದ್ದು ನನಗೆ ಬಾಗಿಲ ಹತ್ತಿರವೂ ಕೇಳಿಸಿತು.

"ಯುಪಿನ್, ಬಾ."

ನಾನು ಓಡಿದೆ.

ಹೊರಗೆ ಹಲಗೆ ಹಾಕಿದ್ದ ಹೆಂಗಸು ಅದನ್ನು ತೆಗೆಯದೆ ಪಕ್ಕದಲ್ಲೇ ಕಾಯುತ್ತಿದ್ದಳು. ಅವಳು ಅಕ್ಕನಿಗಿಂತ ಚಿಕ್ಕವಳು. ಪದ್ಧತಿಯ ಪ್ರಕಾರ ಅವಳೇ ಮೊದಲು ಮುಗಿಯಬೇಕಾದವಳು. "ಎತ್ತು," ಅಂದಳು ಅಕ್ಕ. ನಾನು ಎತ್ತಿದೆ. ಆ ಹೆಂಗಸು ಗಾಬರಿಬಿದ್ದು ಪೊರಕೆ ಬಿಸಾಕಿ ಎರಡೆರಡು ಸಲ ಮುಗಿದಳು.

ನಾವು ಬಂದಿದ್ದ ಬಾಡಿಗೆ ವ್ಯಾನಿನಲ್ಲಿ ಕೂರಿಸಿ ಕೆನ್ನೆ ಒರೆಸುವಾಗ ಅಕ್ಕ ಹೇಳಿದಳು, "ನಿನಗೂ ಮುಗೀಬೇಕು ಅನ್ನಿಸ್ತು. ಆದ್ರೆ ಮುಗಿಯಲ್ಲ. ನಿನ್ನ ಮೇಲಿನ ಕೋಪ ಇನ್ನೂ ಇಳಿದಿಲ್ಲ."

"ಇರ್ಲಿ ಅಕ್ಕಾ."

"ಇರ್ಲಿ ಅಂತ ನೀನು ಹೇಳೋದೇನು? ಇರುತ್ತೆ."

ಪತ್ರ ಬಂತು. ಆರು ಗಂಟೆ ವಾಪಸ್ಸು. ಆದರೆ ಆರು ತಿಂಗಳಿಗೆ ಮಾತ್ರ. ಆಮೇಲೆ ಮತ್ತೆ ತಪಾಸಣೆ. ಅಕ್ಕ ಅದನ್ನು ಓದಿ ಎಷ್ಟು ಜೋರಾಗಿ ಬೈದಳೆಂದರೆ ಕಾಲುವೆಯಾಚೆಯ ಮುದುಕ ಕಿಟಕಿ ಹಾಕಿಕೊಂಡ. "ಆರು ತಿಂಗಳಲ್ಲಿ ಬೆನ್ನುಮೂಳೆ ಚಿಗುರುತ್ತೆ ಅಂತ ಯಾವನೇ ಹೇಳಿದ್ದು ಇವರಿಗೆ? ನುಗ್ಗೆ ಮರಾನಾ ನಾನು?" ಎರಡು ತಿಂಗಳಾದ ಮೇಲೆ ಕೇಂದ್ರದವರು ಫೋನು ಮಾಡಿ, ಹೊಸ ಸಹಾಯಕಿ ಸಿದ್ಧವಿದ್ದಾಳೆ, ಕಳಿಸಲೇ ಎಂದು ಕೇಳಿದರು. ನಾನೇ ಫೋನು ಹಿಡಿದಿದ್ದೆ. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೇಡ. ಇವಳನ್ನ ಇನ್ನೂ ಬೈದು ಮುಗಿದಿಲ್ಲ," ಅಂದಳು.

ಆರು ತಿಂಗಳು ತುಂಬಿದ ವಾರ ಅದೇ ಮೇಡಂ ಬಂದರು. ನೆಲ ಒರೆಸಿದ್ದೆ, ಚಕ್ಕೋತ ಸುಲಿದಿಟ್ಟಿದ್ದೆ, ನೀಲಿ ರವಿಕೆಗೆ ಇಸ್ತ್ರಿ ಹಾಕಿದ್ದೆ. ಮೇಡಂ ಬಾಗಿಲಲ್ಲಿ ನಿಂತರು. ನನ್ನ ಕೈ ನನ್ನ ಬೆನ್ನ ಹಿಂದಿತ್ತು.

"ಬನ್ನಿ ಮೇಡಂ, ಕೂತ್ಕೊಳ್ಳಿ," ಅಂದಳು ಅಕ್ಕ. "ಚಿತ್ರ ತೆಗೀಬೇಕಲ್ವಾ? ಯುಪಿನ್, ಮುಂದಕ್ಕೆ ಬಾ. ಪಕ್ಕದಲ್ಲಿ ನಿಂತು ಎತ್ತು. ನಿನ್ನ ಕೈ, ನಿನ್ನ ಮುಖ ಎಲ್ಲಾ ಕಾಣ್ಬೇಕು."

ನಾನು ಮುಂದೆ ಬಂದು, ಅವಳ ಮಣಿಕಟ್ಟು ಹಿಡಿದು, ಎರಡೂ ಕೈ ಎತ್ತಿ ಜೋಡಿಸಿ ಹಿಡಿದೆ. ಮೇಡಂ ಫೋನು ಎತ್ತಿದರು. ಅರೆಗಳಿಗೆ ತಡೆದರು. ಮೆಲ್ಲಗೆ, ನಿಜವಾಗಿ ಮುಜುಗರಪಟ್ಟೇ ಅಂದರು, "ಫಾರಂ ಇನ್ನೂ ಬದಲಾಗಿಲ್ಲಮ್ಮ. ಚಿತ್ರದಲ್ಲಿ ನೀವೊಬ್ಬರೇ ಇರ್ಬೇಕು."

"ಹೌದಾ," ಅಂದಳು ಅಕ್ಕ. "ಹಾಗಾದ್ರೆ ಇಳ್ಸು, ಯುಪಿನ್."

ನಾನು ಇಳಿಸಿದೆ. ಒಂದೊಂದಾಗಿ, ಅವಳ ತೊಡೆಯ ಮೇಲೆ, ಅಂಗೈ ಮೇಲೆ ಮಾಡಿ ಇಟ್ಟೆ. ಮೇಡಂ ಫೋನು ಎತ್ತಿ ಹಿಡಿದುಕೊಂಡೇ ನಿಂತಿದ್ದರು.